ಬಿಕಾಸ್ ಕೆಳಗಿನ ನೆಲ

ಮಾರ್ಚ್ 3

ಟೈಪತ್ತೆಗೆ ನಮಸ್ಕಾರ.

ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಮಂದ, ನನಗೆ ಬಾಯ್ಲರ್ ಸದ್ದಿನಲ್ಲಿ ಹದಿನೆಂಟು ವರ್ಷ ಕೂಗಿ ಕೂಗಿ ಗಂಟಲು ಹೋಗಿದೆ. ಇಬ್ಬರೂ ಅರಚಿಕೊಂಡರೆ ಅಕ್ಕಪಕ್ಕದವರು ಜಗಳ ಬಿಡಿಸಲು ಬಂದಾರು. ಅದಕ್ಕೇ ಕಾಗದ.

ನನ್ನಿಂದ ಒಂದು ಅನ್ಯಾಯ ಆಗಿಹೋಗಿದೆ ಅತ್ತೆ. ನಮ್ಮ ಲಾಂಡ್ರಿಯಲ್ಲಿ ನನ್ನ ಜೊತೆ ಬಾಯ್ಲರ್ ನೋಡಿಕೊಳ್ಳುವ ಹಿರಿಯರೊಬ್ಬರ ವಿಷಯ ನಿಮಗೆ ಹೇಳಿದ್ದೆನಲ್ಲ, ಎಲ್ಲರೂ ಗಡಿಯಾರದಣ್ಣ ಎಂದು ಕರೆಯುವವರು. ಒಂದು ದಿನವೂ ತಡವಾಗಿ ಬಂದವರಲ್ಲ. ಅವರನ್ನು ಸಸ್ಪೆಂಡ್ ಮಾಡಿದ್ದಾರೆ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು.

ಆದದ್ದಿಷ್ಟು. ಫೆಬ್ರುವರಿ ಹದಿನೇಳರಂದು ಬಾಯ್ಲರ್‌ನಲ್ಲಿ ನೀರು ತಳ ಕಂಡಿತು. ಎಚ್ಚರಿಕೆಯ ಗಂಟೆ ಹೊಡೆದು, ನಾನು ಓಡಿಬಂದು ಬೆಂಕಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ, ಬದುಕಿದೆವು. ಆದರೆ ಒಳಗಿನ ಕೊಳವೆಗಳು ಸೊಟ್ಟಗಾಗಿ ಬಾಯ್ಲರ್ ಮೂಲೆ ಸೇರಿತು, ಆಸ್ಪತ್ರೆಗಳ ಬಟ್ಟೆಯೆಲ್ಲ ಬೇರೆ ಕಡೆ ಹೋಯಿತು. ಹೆಡ್ ಆಫೀಸಿನವರು ಹೇಳಿಕೆ ಬರೆದು ಕೊಡಿ ಎಂದರು, ಅದೂ ಇಂಗ್ಲಿಷಿನಲ್ಲಿ. ನಾನು ನಮ್ಮ ಲಾಗ್‌ಬುಕ್ಕಿನಲ್ಲಿ ದಿನಾ ಬರೆಯುವ ಹಾಗೆಯೇ ಬರೆದುಕೊಟ್ಟೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಆರು ಐದಕ್ಕೆ ಗಾಜು ತೊಳೆಯಲಾಯಿತು. ಹತ್ತು ಇಪ್ಪತ್ತಕ್ಕೆ ಗಡಿಯಾರದಣ್ಣ ಹೊರಗೆ ಹೋದರು. ಹತ್ತು ಮೂವತ್ತನಾಲ್ಕಕ್ಕೆ ಗಂಟೆ ಹೊಡೆಯಿತು. ಹತ್ತು ಮೂವತ್ತೈದಕ್ಕೆ ಬೆಂಕಿ ನಿಲ್ಲಿಸಿದೆ.

ಗಾಜು ಎಂದರೆ ಬಾಯ್ಲರ್ ಒಳಗೆ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ. ನಮ್ಮ ಕಣ್ಣು ಇಡೀ ದಿನ ಅದರ ಮೇಲೇ, ಅದರಲ್ಲಿ ಇಳಿದಂತೆ ನಾವು ನೀರು ಬಿಡಬೇಕು. ಅಣ್ಣ ಹೊರಗೆ ಹೋದದ್ದು ಗೇಟಿಗೆ ಬಂದ ಉಪ್ಪಿನ ಚೀಲ ಇಳಿಸಿಕೊಳ್ಳಲು, ನೀರು ಮೆದು ಮಾಡುವ ಉಪ್ಪು. ನಾನು ಬರೆದದ್ದನ್ನು ವಿಚಾರಣೆಯ ಅಧಿಕಾರಿ ಓದಿ, "ಇವರು ಹೊರಗೆ ಹೋದ್ರು, ನೀರು ಹೋಯ್ತು. ಸ್ಪಷ್ಟವಾಗಿದೆಯಲ್ಲ" ಎಂದುಬಿಟ್ಟರು. ನಾನು ಹಾಗೆ ಹೇಳಲೇ ಇಲ್ಲ ಅತ್ತೆ! ಎರಡು ವಾಕ್ಯ ಪಕ್ಕಪಕ್ಕ ಇಟ್ಟೆ ಅಷ್ಟೇ. ನಡುವಿನ ಜಾಗವನ್ನು ಅವರೇ ತುಂಬಿಕೊಂಡರು.

ಏಪ್ರಿಲ್ ನಾಲ್ಕಕ್ಕೆ ಕೊನೆಯ ವಿಚಾರಣೆ. ಬೇಕಿದ್ದರೆ ಹೊಸ ಹೇಳಿಕೆ ಕೊಡಬಹುದಂತೆ. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ತೀರ್ಪು ಟೈಪ್ ಮಾಡಿದವರು ನೀವು. ಇಂಗ್ಲಿಷಿನಲ್ಲಿ ವಾಕ್ಯಕ್ಕೆ ವಾಕ್ಯ ಹೇಗೆ ಜೋಡಿಸಬೇಕು ಹೇಳಿಕೊಡಿ. ನನಗೆ ಗೊತ್ತಿರುವುದು ಆಂಡ್, ಬಟ್, ಎರಡೇ.

ನಿಮ್ಮ ಸೊಸೆ

ಮಾರ್ಚ್ 9

ಹಬೆರಾಣಿ,

ನಿನ್ನ ಅಧಿಕಾರಿಗೆ ಬುದ್ಧಿ ಮಂಡಿಯಲ್ಲಿದೆ. ನಿನ್ನದೇನೂ ತಪ್ಪಿಲ್ಲ ಕಣೇ, ಸುಮ್ಮನೆ ಕೊರಗಬೇಡ. ಇನ್ನೊಬ್ಬರಿಗಾಗಿ ಇಷ್ಟು ಒದ್ದಾಡುವವಳು ನೀನೊಬ್ಬಳೇ. ನಿಮ್ಮಪ್ಪ, ನನ್ನ ತಮ್ಮ, ಅವನೂ ಹೀಗೇ ಇದ್ದ.

ಈಗ ಪಾಠ. ನೀನು ಚಿಕ್ಕವಳಿದ್ದಾಗ ನಾನು ಕಥೆ ಹೇಳುತ್ತಿದ್ದರೆ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆಯಾ? ಇಲ್ಲ. ಸಾಲಿಗೊಂದು ಸಲ "ಯಾಕೆ?" "ಆಮೇಲೆ?" "ಆದ್ರೂ ಹೋದ್ನಾ?" "ಅಷ್ಟ್ರಲ್ಲಿ ಅವಳೇನ್ ಮಾಡ್ತಿದ್ಲು?" ಜೀವ ತಿನ್ನುತ್ತಿದ್ದೆ. ಇಂಗ್ಲಿಷಿನ ಜೋಡಿಸುವ ಪದಗಳೆಂದರೆ ಆ ಪ್ರಶ್ನೆಗಳಿಗೆ ಉತ್ತರ, ಇನ್ನೇನೂ ಇಲ್ಲ. ಯಾಕೆ ಎಂದರೆ ಬಿಕಾಸ್. ಆದರೂ ಎಂದರೆ ಆಲ್ದೋ. ಅಷ್ಟರಲ್ಲಿ ಎಂದರೆ ಮೀನ್‌ವೈಲ್. ಹಾಗಾಗಿ ಎಂದರೆ ದೇರ್‌ಫೋರ್. ನೀನು ಬರೆದದ್ದನ್ನು ಗಟ್ಟಿಯಾಗಿ ಓದು. ಪ್ರತಿ ಪೂರ್ಣವಿರಾಮದಲ್ಲಿ ನಿಂತು, ಐದು ವರ್ಷದ ನೀನು ಎದುರಿಗೆ ಕೂತಿದ್ದರೆ ಏನು ಕೇಳುತ್ತಿದ್ದೆ ನೋಡು. ಅಲ್ಲಿಗೆ ಆ ಪದ ಬರುತ್ತದೆ.

ಮೊದಲು ಒಂದು ಸಲ ಬರೆದು ಕಳಿಸು. ಕೆಂಪು ಪೆನ್ನು ಹುಡುಕಿಟ್ಟಿದ್ದೇನೆ.

ಟೈಪತ್ತೆ

ಮಾರ್ಚ್ 13

ಅತ್ತೆಗೆ ನಮಸ್ಕಾರ.

ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಪುಸ್ತಕದ ಅಂಗಡಿಯಲ್ಲಿ ಇಂಥ ಪದಗಳ ಪಟ್ಟಿಯೊಂದು ಸಿಕ್ಕಿತು, ಆಸೆ ತಡೆಯಲಾಗದೆ ಎಲ್ಲವನ್ನೂ ಹಾಕಿದ್ದೇನೆ. ನಗಬೇಡಿ.

ಅದಿರಲಿ. ಮೊನ್ನೆ ಒಂದು ಸೋಜಿಗ ನೋಡಿದೆ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಗಡಿಯಾರದಣ್ಣನ ಮನೆಗೆ ಹೋಗಿದ್ದೆ. ಅಡುಗೆಮನೆಯ ಮೇಜಿನ ಮುಂದೆ ಕೂತು, ಸರಿಯಾಗಿಯೇ ಓಡುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ಹರಡಿಕೊಂಡಿದ್ದರು. ಕೆಲಸವಿಲ್ಲದ ಕೈ, ಏನು ಮಾಡುತ್ತಾರೆ ಪಾಪ. ಅವರ ಹೆಂಡತಿ ನನಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. "ಯಾಕಣ್ಣ ಆ ಹೊತ್ತಿಗೆ ಹೊರಗೆ ಹೋದ್ರಿ?" ಎಂದು ಕೇಳಿದೆ. ತಲೆ ಎತ್ತದೆ ಹೇಳಿದರು: "ಗಾಜಲ್ಲಿ ಅರ್ಧ ನೀರಿತ್ತಲ್ಲಮ್ಮ. ಎರಡು ಸಲ ನೋಡ್ಕೊಂಡೇ ಹೋದೆ."

ಮನೆಗೆ ಬಂದು ಆ ಎರಡು ಮಾತನ್ನು ಕಾಗದದ ಮೇಲೆ ಇಟ್ಟೆ. ಅವರು ಹೊರಗೆ ಹೋದರು. ಗಾಜಿನಲ್ಲಿ ಅರ್ಧ ನೀರಿತ್ತು. ನಡುವೆ ಆಂಡ್ ಹಾಕಿದೆ, ಏನೂ ಆಗಲಿಲ್ಲ. ಆಲ್ದೋ ಹಾಕಿದೆ, ಅಯ್ಯೋ, ನೀರಿನ ಮಟ್ಟ ನೋಡಿಯೂ ಬೇಜವಾಬ್ದಾರಿಯಿಂದ ಎದ್ದುಹೋದ ಮನುಷ್ಯನೊಬ್ಬ ಹುಟ್ಟಿಬಿಟ್ಟ. ಬಿಕಾಸ್ ಹಾಕಿದೆ. ಅಲ್ಲಿ ನಮ್ಮ ಗಡಿಯಾರದಣ್ಣ ನಿಂತಿದ್ದರು, ಬಗ್ಗಿ, ಕನ್ನಡಕ ಏರಿಸಿ, ಗಾಜನ್ನು ಎರಡು ಸಲ ನೋಡಿ, ಆಮೇಲೆ ಹೊರಟವರು. ಅದೇ ಮನುಷ್ಯ, ಅದೇ ನೀರು. ಮಧ್ಯದ ಒಂದು ಪದ ಬದಲಾದರೆ ಒಬ್ಬರ ಮೂವತ್ತು ವರ್ಷದ ಹೆಸರು ಎದ್ದು ನಿಲ್ಲುತ್ತದೆ, ಬಿದ್ದುಹೋಗುತ್ತದೆ. ಇಷ್ಟು ಶಕ್ತಿ ಇರುವ ವಸ್ತುವನ್ನು ನಮ್ಮಲ್ಲಾದರೆ ಬೀಗ ಹಾಕಿ ಇಟ್ಟು, ಲೈಸೆನ್ಸ್ ಇರುವವರ ಕೈಗೆ ಮಾತ್ರ ಕೊಡುತ್ತಾರೆ.

ನಿಮ್ಮ ಸೊಸೆ

ಮಾರ್ಚ್ 17

ಹಬೆರಾಣಿ,

ನಗಬೇಡ ಎಂದರೆ ಹೇಗೆ? ಒಂದೇ ಪುಟದಲ್ಲಿ ಮೋರೋವರ್ ನಾಲ್ಕು ಸಲ, ಫರ್ದರ್‌ಮೋರ್ ಮೂರು ಸಲ! "ಮೋರೋವರ್ ನಾನು ಬೆಂಕಿ ನಿಲ್ಲಿಸಿದೆ" ಎಂದು ಬರೆದಿದ್ದೀಯಲ್ಲ, ಬಾಯ್ಲರ್ ಸಿಡಿಯುವ ಹೊತ್ತಿನಲ್ಲಿ ಯಾರೇ ಮೋರೋವರ್ ಅನ್ನುತ್ತಾರೆ? ನಾಳೆ ಮನೆಗೆ ಬೆಂಕಿ ಬಿದ್ದರೆ ನೀನು "ಇದಲ್ಲದೆ" ಎಂದು ಕಿರುಚುತ್ತೀಯಾ? ಎಲ್ಲ ಹೊಡೆದುಹಾಕಿದ್ದೇನೆ. ಕೆಂಪು ನೋಡಿ ಹೆದರಬೇಡ.

ಆದರೆ ಆ ಬಿಕಾಸ್ ವಿಷಯ ಓದಿ ಕೆಂಪು ಪೆನ್ನು ಕೆಳಗಿಟ್ಟೆ. ಮೂವತ್ತೊಂದು ವರ್ಷ ಅದರ ಮೇಲೆ ಬೆರಳು ಕುಟ್ಟಿದವಳು ನಾನು. ನಿನಗೆ ಹತ್ತು ದಿನದಲ್ಲಿ ಕಂಡದ್ದು ನನಗೆ ಕಾಣಲು ಎಷ್ಟು ವರ್ಷ ಬೇಕಾಯಿತು ಎಂದರೆ ನಾಚಿಕೆಯಾಗುತ್ತದೆ.

ಒಂದೇ ಒಂದು ಮಾತು, ಇದನ್ನು ಮಾತ್ರ ಮರೆಯಬೇಡ. ಆಂಡ್ ಎಂದು ಬರೆಯಲು ಯಾವ ಸಾಕ್ಷಿಯೂ ಬೇಡ. ಬಿಕಾಸ್ ಎಂದು ಬರೆದರೆ ಅದರ ಕೆಳಗೆ ನೆಲ ಇರಬೇಕು. ನೀನೇ ಹೋಗಿ ಕಾಲಿಟ್ಟು ನೋಡಬೇಕು. ಅಣ್ಣ ಗಾಜು ನೋಡಿ ಹೋದರು, ಸರಿ, ಅವರೇ ಹೇಳಿದ್ದಾರೆ. ಆದರೆ ಐದು ವರ್ಷದವಳು ಸುಮ್ಮನಿರುತ್ತಾಳಾ? ನೀರು ತಳ ಕಂಡಿದ್ದರೂ ಗಾಜಿನಲ್ಲಿ ಅರ್ಧ ಯಾಕೆ ಕಾಣಿಸಿತು? ಅದನ್ನು ತಿಳಿದುಕೊಂಡು ಬರೆ. ನೆಲವಿಲ್ಲದ ಕಡೆ ಆ ಪದ ಹಾಕುವುದನ್ನು ನಾನೊಮ್ಮೆ ಕಣ್ಣಾರೆ ಕಂಡು... ಬಿಡು, ಅದು ಬೇರೆ ವಿಷಯ.

ಟೈಪತ್ತೆ

ಮಾರ್ಚ್ 27

ಹಬೆರಾಣಿ,

ಹತ್ತು ದಿನವಾಯಿತು, ಸುದ್ದಿಯಿಲ್ಲ. ಕೆಂಪು ಪೆನ್ನು ಜಾಸ್ತಿ ಆಯಿತೇನೋ. ಕೋಪ ಮಾಡಿಕೊಂಡೆಯಾ? ಮುದುಕಿಯ ಮಾತಿಗೆ ಮುಖ ಊದಿಸಿಕೊಂಡರೆ ಹೇಗೆ ಮಗಳೇ. ನಿನ್ನ ಬರಹ ಚೆನ್ನಾಗಿತ್ತು. ಬೇಕಾದರೆ ಒಂದು ಮೋರೋವರ್ ಇಟ್ಟುಕೋ. ಬರೆ.

ಟೈಪತ್ತೆ

ಮಾರ್ಚ್ 28

ಅತ್ತೆ,

ಕಾಗದ ತಡವಾಯಿತು. ಮೂರು ಸಲ ಬರೆದು ಹರಿದೆ.

ನೀವು ಹೇಳಿದಂತೆ ಕಾಲಿಟ್ಟು ನೋಡಲು ಹೋದೆ. ಬಾಯ್ಲರ್ ರಿಪೇರಿಗೆ ಬಂದ ಮೆಕ್ಯಾನಿಕ್ ಆ ಗಾಜಿನ ಕೊಳವೆ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದ. ಕೆಳಗಿನ ತೂತಿಗೆ ತಂತಿ ತೂರಿಸಿ ತೋರಿಸಿದ, ತಂತಿ ಹೋಗಲಿಲ್ಲ. "ಸುಣ್ಣ ಕಟ್ಕೊಂಡಿದೆ ನೋಡಿ ಮೇಡಂ. ಬಾಯ್ಲರ್‌ನಲ್ಲಿ ನೀರು ಇಳಿದ್ರೂ ಇದ್ರಲ್ಲಿದ್ದ ನೀರು ಇಲ್ಲೇ ನಿಂತುಬಿಟ್ಟಿದೆ. ಯಾರು ನೋಡಿದ್ರೂ ಅರ್ಧ ಇದೆ ಅಂತಾನೇ ಹೇಳೋರು." ನನಗೆ ಕುಣಿಯಬೇಕೆನ್ನಿಸಿತು. ಅಣ್ಣ ಅಲ್ಲೇ ಕೂತಿದ್ದರೂ ಅಷ್ಟೇ, ಹೋಗಿದ್ದರೂ ಅಷ್ಟೇ! ಆಮೇಲೆ ಅವನು ತಂತಿ ಒರೆಸುತ್ತಾ, "ಒಂದು ಅರ್ಥ ಆಗ್ಲಿಲ್ಲ. ಬೆಳಿಗ್ಗೆ ಗಾಜು ತೊಳೆದಾಗ್ಲೇ ಗೊತ್ತಾಗ್ಬೇಕಿತ್ತಲ್ಲ. ನಿಮ್ಮ ಬುಕ್ಕಲ್ಲಿ ತೊಳೆದಿದೆ ಅಂತಿದೆ" ಎಂದ.

ಅತ್ತೆ, ಅವತ್ತು ನಾನು ಗಾಜು ತೊಳೆಯಲಿಲ್ಲ.

ನಮ್ಮಲ್ಲೊಂದು ರೂಢಿ ಇದೆ. ಬೆಳಿಗ್ಗೆ ಬಂದವರು ಲಾಗ್‌ಬುಕ್ಕಿಗೆ ಸಹಿ ಹಾಕುವಾಗ ಪೆನ್ನು ಕೈಯಲ್ಲಿರುತ್ತದಲ್ಲ, ಆಗಲೇ "ಆರು ಐದು, ಗಾಜು ತೊಳೆಯಲಾಯಿತು" ಎಂದೂ ಬರೆದುಬಿಡುತ್ತೇವೆ. ಆಮೇಲೆ ಹೋಗಿ ತೊಳೆಯುತ್ತೇವೆ. ಕೆಳಗಿನ ನಲ್ಲಿ ತಿರುಗಿಸಿ ನೀರು ಬಿಟ್ಟು, ಮುಚ್ಚಿ, ನೀರು ಸರ್ರನೆ ಮೇಲೇರುತ್ತದಾ ಎಂದು ನೋಡುವುದು. ಎರಡು ನಿಮಿಷದ ಕೆಲಸ. ಎಲ್ಲರೂ ಹೀಗೇ ಮಾಡುತ್ತಾರೆ, ನನಗೆ ಕಲಿಸಿದವರೂ ಹೀಗೇ. ಅವತ್ತು ಸಹಿ ಹಾಕುತ್ತಿದ್ದಂತೆ ಇಸ್ತ್ರಿ ವಿಭಾಗದಾಕೆ ಓಡಿಬಂದು "ಬೇಗ ಹಬೆ ಬಿಡ್ರೀ, ಎರಡು ಲೋಡ್ ಜಾಸ್ತಿ ಬಂದಿದೆ" ಎಂದಳು. ಬಿಡಲು ಹೋದೆ. ಮರೆತೆ. ಅಷ್ಟೇ. ಹೇಳಿಕೆ ಬರೆಯುವಾಗ ಲಾಗ್‌ಬುಕ್ ನೋಡಿ ಆ ಸಾಲನ್ನು ಇಳಿಸಿಕೊಂಡೆ. ನೆನಪಿತ್ತಾ ಎಂದು ಕೇಳಬೇಡಿ. ಇತ್ತು ಎಂದೂ ಹೇಳಲಾರೆ, ಇರಲಿಲ್ಲ ಎಂದೂ ಹೇಳಲಾರೆ. ಆ ಕಡೆ ತಿರುಗಿ ನೋಡಿರಲಿಲ್ಲ.

ನನ್ನ ಮುಂದೆ ಈಗ ಹೀಗೊಂದು ಸರಪಳಿ ಇದೆ. ಅಣ್ಣ ಹೋದರು, ಬಿಕಾಸ್ ಗಾಜಿನಲ್ಲಿ ಅರ್ಧ ಕಾಣಿಸಿತು. ಅರ್ಧ ಕಾಣಿಸಿತು, ಬಿಕಾಸ್ ತೂತು ಕಟ್ಟಿತ್ತು. ತೂತು ಕಟ್ಟಿತ್ತು, ಬಿಕಾಸ್ ನೀರಿನಲ್ಲಿ ಸುಣ್ಣ ಹೆಚ್ಚು. ಇಲ್ಲಿಗೆ ನಿಲ್ಲಿಸಬಹುದು ಅತ್ತೆ. ಪ್ರತಿ ಪದವೂ ನಿಜ. ನೆಲ ಗಟ್ಟಿ ಇದೆ. ಅಣ್ಣ ವಾಪಸು ಬರುತ್ತಾರೆ, ನನ್ನ ಲೈಸೆನ್ಸೂ ಉಳಿಯುತ್ತದೆ. ಬಾಯ್ಲರ್ ಮನೆಗೆ ಹೆಂಗಸು ಯಾಕೆ ಎಂದವರ ನಡುವೆ ಎಷ್ಟು ಕಷ್ಟಪಟ್ಟು ಆ ಲೈಸೆನ್ಸ್ ತೆಗೆದುಕೊಂಡೆ ಎಂದು ನಿಮಗೆ ಗೊತ್ತು. ನಿಲ್ಲಿಸಲಾ? ಹೇಳಿ.

ನಿಮ್ಮ ಸೊಸೆ

ಮಾರ್ಚ್ 31

ಮಗಳೇ,

ನಿನ್ನ ಕಾಗದ ಬಂತು. ನಿನ್ನದೇನೂ ತಪ್ಪಿಲ್ಲ ಎಂದು ಮೊದಲ ದಿನವೇ ತೀರ್ಪು ಕೊಟ್ಟವಳು ನಾನು. ಯಾವುದನ್ನೂ ಕೇಳದೆ ಕೊಟ್ಟೆ. ನಿನ್ನ ಅಧಿಕಾರಿಯನ್ನು ಬೈದೆನಲ್ಲ, ನಾನೂ ಅವನಿಗೆ ಕಡಿಮೆಯಿಲ್ಲ.

ನಿಲ್ಲಿಸು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ. ಆವತ್ತು "ಬೇರೆ ವಿಷಯ" ಎಂದೆನಲ್ಲ, ಅದನ್ನು ಹೇಳುತ್ತೇನೆ. ನಿಮ್ಮ ಮಾವನಿಗೂ ಹೇಳಿರಲಿಲ್ಲ.

ಕೆಲಸಕ್ಕೆ ಸೇರಿ ಆರನೆಯ ವರ್ಷ. ಗೋದಾಮಿನ ಕಾವಲುಗಾರನೊಬ್ಬನ ಮೇಲೆ ಕಳ್ಳತನದ ಕೇಸು. ತೀರ್ಪು ಟೈಪಿಗೆ ನನ್ನ ಮೇಜಿಗೆ ಬಂತು. ಆರೋಪಿಯನ್ನು ಬಾಗಿಲ ಬಳಿ ಕಂಡವರಿದ್ದಾರೆ. ಬೀಗ ಮುರಿದಿತ್ತು. ದೇರ್‌ಫೋರ್. ಅಷ್ಟೇ ಕಣೇ. ಕಾವಲುಗಾರ ಬಾಗಿಲ ಬಳಿ ಇರದೆ ಇನ್ನೆಲ್ಲಿರಬೇಕು? ಆ ದೇರ್‌ಫೋರ್ ಮೇಲೆ ನನ್ನ ಬೆರಳು ನಿಂತುಬಿಟ್ಟಿತು. ಕೆಳಗೆ ಏನೂ ಇಲ್ಲ ಎಂದು ನನಗೆ ಗೊತ್ತಾಯಿತು, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ. ಪಕ್ಕದ ಮೇಜಿನವಳು "ಯಾಕೆ ನಿಂತ್ಬಿಟ್ಟೆ? ರಿಬ್ಬನ್ ಸಿಕ್ಕಿಹಾಕ್ಕೊಳ್ತಾ?" ಎಂದಳು. ಹೂಂ ಎಂದೆ. ಟೈಪ್ ಮಾಡಿದೆ, ಕಾರ್ಬನ್ ಇಟ್ಟು ನಾಲ್ಕು ಪ್ರತಿ. ಟೈಪಿಸ್ಟ್ ಹೇಳಿದರೆ ಯಾರು ಕೇಳುತ್ತಿದ್ದರು? ಯಾರೂ ಕೇಳುತ್ತಿರಲಿಲ್ಲವೇನೋ. ಹೇಳಲಿಲ್ಲ ಎನ್ನುವುದು ಮಾತ್ರ ಗೊತ್ತು. ಅವನಿಗೆ ಎರಡು ವರ್ಷವಾಯಿತು.

ಇವತ್ತಿಗೂ ಆ ಪದ ಎಲ್ಲಿ ಕಂಡರೂ ಬೆರಳಿನ ತುದಿ ತಣ್ಣಗಾಗುತ್ತದೆ. ಇದನ್ನು ನಿನಗೆ ದಾರಿ ತೋರಿಸಲು ಬರೆಯುತ್ತಿಲ್ಲ. ನೀನು ನನಗೆ ನಿಜ ಹೇಳಿದೆ, ನಾನೂ ಹೇಳಬೇಕೆನ್ನಿಸಿತು. ಏನು ಬರೆದರೂ ನೀನು ನನ್ನ ಸೊಸೆಯೇ.

ಟೈಪತ್ತೆ

ಏಪ್ರಿಲ್ 5

ಅತ್ತೆಗೆ ನಮಸ್ಕಾರ.

ನಿನ್ನೆ ವಿಚಾರಣೆ ಮುಗಿಯಿತು. ನಿಮ್ಮ ಕಾಗದ ಮೊನ್ನೆ ಸಂಜೆ ಕೈಸೇರಿತು. ಅದನ್ನು ಓದಿ ಮುಗಿಸಿ, ಸುಣ್ಣಕ್ಕೆ ನಿಂತಿದ್ದ ಹಾಳೆಯನ್ನು ಮುಂದೆ ಇಟ್ಟುಕೊಂಡೆ. ಐದು ವರ್ಷದವಳು ಎದುರಿಗೆ ಬಂದು ಕೂತಳು, ಎಲ್ಲಿಗೆ ಹೋಗುತ್ತಾಳೆ. "ತೂತು ಕಟ್ಟಿತ್ತು, ಸರಿ. ಬೆಳಿಗ್ಗೇನೇ ಯಾಕೆ ಗೊತ್ತಾಗ್ಲಿಲ್ಲ?"

ಬರೆದೆ. ಗಾಜು ಕಟ್ಟಿದ್ದು ಗೊತ್ತಾಗಲಿಲ್ಲ, ಬಿಕಾಸ್ ನಾನು ಅದನ್ನು ತೊಳೆಯಲಿಲ್ಲ. ಆಲ್ದೋ ತೊಳೆದೆ ಎಂದು ಬರೆದಿದ್ದೆ.

ಅಧಿಕಾರಿಯ ಕೋಣೆಯಲ್ಲಿ ಉದ್ದದ ಮೇಜು, ಅದರ ಸುತ್ತ ಅಧಿಕಾರಿಯೂ ಸೇರಿ ಹೆಡ್ ಆಫೀಸಿನ ಐದು ಜನ, ಗಾಜಿನ ಲೋಟಗಳು, ಫ್ಯಾನಿಗೆ ಹಾರದಂತೆ ಹಾಳೆಗಳ ಮೇಲೆ ಇಟ್ಟ ಸ್ಟೇಪ್ಲರ್. ಗಡಿಯಾರದಣ್ಣ ಗೋಡೆಯ ಕಡೆ ಕುರ್ಚಿಯಲ್ಲಿದ್ದರು. ನಾನೇ ಗಟ್ಟಿಯಾಗಿ ಓದಬೇಕಿತ್ತು. ನನ್ನ ಇಂಗ್ಲಿಷ್ ಓದು ಹೇಗಿರುತ್ತದೆ ಎಂದು ನಿಮಗೆ ಗೊತ್ತು, ಕಲ್ಲು ದಾರಿಯ ಗಾಡಿ. ಆದರೂ ನಾನು ಕಂಡದ್ದನ್ನು ಹೇಳುತ್ತೇನೆ ಅತ್ತೆ, ನಂಬಿ. ಪ್ರತಿ ಬಿಕಾಸ್‌ಗೂ ಆ ಕೋಣೆ ಒಂದು ಹೆಜ್ಜೆ ಹಿಂದೆ ಹೋಯಿತು. ಹತ್ತು ಮೂವತ್ತನಾಲ್ಕರಿಂದ ಹತ್ತು ಇಪ್ಪತ್ತಕ್ಕೆ, ಅಲ್ಲಿಂದ ಗಾಜಿಗೆ, ಗಾಜಿನಿಂದ ಆ ಸಣ್ಣ ತೂತಿಗೆ, ತೂತಿನಿಂದ ಬೆಳಗಿನ ಆರು ಐದಕ್ಕೆ, ಪೆನ್ನು ಹಿಡಿದ ನನ್ನ ಕೈಗೆ. ಐದು ಜನ ದೊಡ್ಡ ಮನುಷ್ಯರು ಒಂದೇ ಒಂದು ಪದದ ಹಿಂದೆ ಬಾಯಿ ಮುಚ್ಚಿಕೊಂಡು ನಡೆದು ಬಂದರು. ಮೊದಲ ಸಲ ಅದೇ ಘಟನೆಯನ್ನು ಹೇಳಿದಾಗ ಹತ್ತು ಇಪ್ಪತ್ತರಲ್ಲೇ ನಿಂತು ಎದ್ದುಹೋಗಿದ್ದವರು ಇವರೇ. ಭಯವಾಗಬೇಕಿತ್ತು. ಭಯಕ್ಕಿಂತ ಹೆಚ್ಚಾಗಿ, ಅಬ್ಬಾ, ಇದೇನು ಇದು ಎನ್ನಿಸಿತು.

ಅಧಿಕಾರಿ ಹಾಳೆ ಮಗುಚಿಟ್ಟು, "ಇದನ್ನು ನೀವು ಬರೀಬೇಕಾಗಿರ್ಲಿಲ್ಲ" ಎಂದರು. "ಬರೀದಿದ್ರೆ ವಾಕ್ಯ ಮುಗೀತಿರ್ಲಿಲ್ಲ ಸಾರ್" ಎಂದೆ.

ಅಣ್ಣನನ್ನು ಸೋಮವಾರದಿಂದ ಕೆಲಸಕ್ಕೆ ಕರೆದಿದ್ದಾರೆ. ನನ್ನ ಲೈಸೆನ್ಸ್ ಒಂದು ವರ್ಷ ಅಮಾನತು. ಅಲ್ಲಿಯವರೆಗೆ ಬಟ್ಟೆ ಮಡಚುವ ವಿಭಾಗ. ಅಣ್ಣ ನನ್ನ ಮುಂದೆಯೇ ಹೊರಗೆ ಹೋದರು, ಒಂದು ಮಾತೂ ಆಡಲಿಲ್ಲ. ಆಡಬೇಕು ಎಂದು ನಾನು ಹೇಗೆ ಕೇಳಲಿ? ಒಂದೂವರೆ ತಿಂಗಳು ಅವರನ್ನು ಅಡುಗೆಮನೆಯಲ್ಲಿ ಕೂರಿಸಿದವಳು ನಾನು. ರಾತ್ರಿಯೆಲ್ಲ ಅಳುತ್ತಲೇ ಇದ್ದೆ.

ನಿಮ್ಮ ಸೊಸೆ

ಏಪ್ರಿಲ್ 10

ಮಗಳೇ,

ಅಳು. ಆದರೆ ಊಟ ಬಿಡಬೇಡ.

ನೀನು ಕಾಗದದ ಜೊತೆ ಇಟ್ಟಿದ್ದ ಹೇಳಿಕೆಯ ಪ್ರತಿಯನ್ನು ನನ್ನ ಹಳೆಯ ಮೆಷಿನ್ ಹೊರಗೆ ತೆಗೆದು ಟೈಪ್ ಮಾಡಿದೆ. ಯಾರೂ ಕೇಳಿರಲಿಲ್ಲ, ಸುಮ್ಮನೆ. ಎಷ್ಟು ವರ್ಷಗಳ ಮೇಲೆ ಹಾಗೆ ಕೂತೆನೋ. ಒಂದೊಂದು ಬಿಕಾಸ್ ಬಂದಾಗಲೂ ಗಟ್ಟಿಯಾಗಿ ಕುಟ್ಟಿದೆ. ಬೆರಳು ಎಲ್ಲೂ ನಿಲ್ಲಲಿಲ್ಲ ಕಣೇ. ಕೊನೆಯ ಸಾಲಿನವರೆಗೂ ನೆಲ ಇತ್ತು. ಇಂಥದ್ದನ್ನು ನನ್ನ ಮನೆಯವಳು ಬರೆದಳಲ್ಲ ಎಂದು ನನಗೆ ಇನ್ನೂ ನಂಬಲಾಗುತ್ತಿಲ್ಲ.

ಟೈಪತ್ತೆ

ಏಪ್ರಿಲ್ 22

ಅತ್ತೆಗೆ ನಮಸ್ಕಾರ.

ಮಡಚುವ ಮೇಜಿನಲ್ಲಿ ನಾಲ್ಕು ಹೆಂಗಸರ ಜೊತೆ ನಿಂತು ದಿನಕ್ಕೆ ಒಂಬೈನೂರು ಹಾಸುಬಟ್ಟೆ ಮಡಚುತ್ತೇನೆ. ಇಲ್ಲಿ ಸದ್ದಿಲ್ಲ, ನನ್ನ ಗಂಟಲಿಗೆ ಜೀವ ಬರುತ್ತಿದೆ. ಮುಂದಿನ ಸಲ ಫೋನ್ ಮಾಡಿದರೂ ಮಾಡಿದೆ.

ಅಣ್ಣ ಕೆಲಸಕ್ಕೆ ಬಂದು ಇವತ್ತಿಗೆ ಹದಿನೇಳು ದಿನ. ದಿನಾ ನನ್ನ ಮೇಜಿನ ಮುಂದೆಯೇ ಹಾದುಹೋಗುತ್ತಾರೆ. ಈ ಕಡೆ ನೋಡುವುದಿಲ್ಲ. ನಾನು ಬಟ್ಟೆ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಆರೂ ಕಾಲಿಗೆ ಯಾರೋ ಮೇಜಿನ ಮೇಲೆ ಧಪ್ಪನೆ ಏನೋ ಇಟ್ಟರು. ಲಾಗ್‌ಬುಕ್! ಅತ್ತೆ, ಆ ಪುಸ್ತಕ ಬಾಯ್ಲರ್ ಮನೆಯ ಹೊಸಿಲು ದಾಟಬಾರದು. ಮೂವತ್ತು ವರ್ಷದಲ್ಲಿ ಅಣ್ಣ ದಾಟಿಸಿದವರಲ್ಲ, ಮ್ಯಾನೇಜರು ಕೇಳಿದಾಗಲೂ "ಬೇಕಾದ್ರೆ ನೀವೇ ಬನ್ನಿ ಸಾರ್" ಎಂದಿದ್ದವರು. ಪುಟ ತೆರೆದು, ಬೆರಳಿಟ್ಟು, ನನ್ನ ಮುಖ ನೋಡದೆ, "ಸರಿ ಇದೆಯಾ ನೋಡು. ಇಂಗ್ಲಿಷಿಗೆ ಈಗ ನೀನೇ ಅಲ್ವಾ ಇಲ್ಲಿ" ಎಂದರು.

ಮೂವತ್ತು ವರ್ಷ ಗಂಟೆ, ನಿಮಿಷ, ಒಂದು ಸಾಲು ಬಿಟ್ಟು ಬೇರೆ ಬರೆಯದ ಆ ದಪ್ಪ ಅಕ್ಷರಗಳಲ್ಲಿ ಹೀಗಿತ್ತು:

ಆರು ಐದು. ಗಾಜು ಇನ್ನೂ ತೊಳೆದಿಲ್ಲ, ಬಿಕಾಸ್ ನಾನು ಇನ್ನೂ ಬರೆಯುತ್ತಿದ್ದೇನೆ.

ಅದರ ಕೆಳಗೆ:

ಆರು ಒಂಬತ್ತು. ಈಗ ತೊಳೆದೆ.

ಹಿಂದಿನ ಪುಟ ತಿರುವಿದೆ. ಅಲ್ಲೂ ಅದೇ. ಅದರ ಹಿಂದೆಯೂ ಅದೇ. ವಾಪಸು ಬಂದ ಮೊದಲ ದಿನದಿಂದ ಹದಿನೇಳು ದಿನ, ಒಂದು ದಿನವೂ ತಪ್ಪದೆ. ಅಕ್ಷರಗಳು ಮಸುಕಾದವು. ಅವರು ಎಲ್ಲಿ ನೋಡಿಬಿಡುತ್ತಾರೋ ಎಂದು ಹಾಸುಬಟ್ಟೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದು ಮಡಚಿದೆ. "ಸರಿ ಇದೆ ಅಣ್ಣ" ಎಂದೆ.

"ಹಾಗಾದ್ರೆ ಕೊಡು. ಹೊಸಬ ಒಬ್ನೇ ಇದ್ದಾನೆ ಅಲ್ಲಿ" ಎಂದು ಪುಸ್ತಕ ಕಂಕುಳಿಗೆ ಸೇರಿಸಿ ಹೊರಟರು. ಬಾಗಿಲ ಹತ್ತಿರ ತಿರುಗಿ, "ವರ್ಷ ಅಂದ್ರೆ ಮುನ್ನೂರ ಅರವತ್ತೈದು ದಿನ. ನಿಂದು ಹದಿನೆಂಟು ಕಳೀತು. ನಾನು ಎಣಿಸ್ತಿದ್ದೀನಿ" ಎಂದರು.

ನಿಮ್ಮ ಸೊಸೆ